ಬಿಸ್ಮತ್ ಹರಳಿನೊಳಗಿನ ಒಂದು ಚಿಹ್ನೆಯ ಪ್ರಶ್ನೆ

ಬಿಸ್ಮತ್ ಹರಳಿನಲ್ಲಿ ಎಲೆಕ್ಟ್ರಾನುಗಳ ಎರಡು ಶಕ್ತಿಪಟ್ಟಿಗಳ (ಅವು ಹೊಂದಬಹುದಾದ ಶಕ್ತಿಗಳ ಎರಡು ಗುಂಪುಗಳ) ನಡುವೆ ಬಹಳ ಕಿರಿದಾದ ಒಂದು ಅಂತರವಿದೆ. ದ್ರವ ಹೀಲಿಯಂನ ತಾಪದಲ್ಲಿ ಅದರ ಅಳತೆ ಸುಮಾರು 13ರಿಂದ 15 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಈ ಅಂಕಿಯ ಬಗ್ಗೆ ಅರ್ಧ ಶತಮಾನದಿಂದ ದೊಡ್ಡ ತಕರಾರೇನೂ ಇಲ್ಲ. ತಕರಾರು ಇರುವುದೆಲ್ಲ ಆ ಅಂಕಿಯ ಮುಂದೆ ಧನಚಿಹ್ನೆ ಹಾಕಬೇಕೋ ಋಣಚಿಹ್ನೆ ಹಾಕಬೇಕೋ ಎಂಬುದರಲ್ಲಿ, ಅಂದರೆ ಆ ಎರಡು ಪಟ್ಟಿಗಳಲ್ಲಿ ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದರಲ್ಲಿ. ಅರೆಲೋಹವೊಂದರ (ತುಂಬಿದ ಮತ್ತು ಖಾಲಿ ಪಟ್ಟಿಗಳು ಶಕ್ತಿಯಲ್ಲಿ ತುಸುವೇ ಅತಿಕ್ರಮಿಸುವ ವಸ್ತುವಿನ) ಎಲೆಕ್ಟ್ರಾನಿಕ್ ಟೋಪಾಲಜಿಯನ್ನು, ಅಂದರೆ ಅದರ ಎಲೆಕ್ಟ್ರಾನುಗಳ ತರಂಗ ಫಲನಗಳು ಒಟ್ಟಾರೆ ಹೇಗೆ ತಿರುಚಿಕೊಂಡಿವೆ ಎಂಬುದನ್ನು, ನಿರ್ಧರಿಸುವುದು ಎಂದರೇನು, ಅದು ಏಕೆ ಅಷ್ಟು ಕಷ್ಟ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ. ನಮ್ಮ ಉಪಕರಣಗಳಲ್ಲಿ ಹೆಚ್ಚಿನವು ಅಂತರದ ಗಾತ್ರವನ್ನು ಅಳೆಯುತ್ತವೆ, ಆದರೆ ಟೋಪಾಲಜಿ ನಿಂತಿರುವುದು ಅದರ ಚಿಹ್ನೆಯ ಮೇಲೆ. ಇವೆರಡರ ನಡುವಿನ ದೂರವನ್ನು ಕ್ರಮಿಸಲು ಒಂದೇ ಅಳತೆ ಸಾಲದು, ಹಲವು ಅಳತೆಗಳನ್ನು ಹೆಣೆದ ವಾದ ಬೇಕು. ಆ ವಾದದ ಯಾವ ಎಳೆ ಎಷ್ಟು ಗಟ್ಟಿ ಎಂಬುದನ್ನು ಇಲ್ಲಿ ನಿಧಾನವಾಗಿ ಪರಿಶೀಲಿಸಬೇಕೆಂದಿದ್ದೇನೆ.

ಬಿಸ್ಮತ್ ಪರಮಾಣುವಿನ ಹೊರಕವಚದಲ್ಲಿ ಐದು ಎಲೆಕ್ಟ್ರಾನುಗಳಿವೆ. ಹರಳಿನ ಮೂಲಕೋಶದಲ್ಲಿ ಎರಡು ಪರಮಾಣುಗಳಿವೆ. ಒಟ್ಟು ಹತ್ತು. ಪ್ರತಿಯೊಂದು ಪಟ್ಟಿಯಲ್ಲೂ ವಿರುದ್ಧ ಸ್ಪಿನ್‌ನ ಎರಡೆರಡು ಎಲೆಕ್ಟ್ರಾನುಗಳು ಕೂರಬಹುದಾದ್ದರಿಂದ, ಲೆಕ್ಕದ ಪ್ರಕಾರ ಐದು ಪಟ್ಟಿಗಳು ಪೂರ್ತಿ ತುಂಬಿ, ಆರನೆಯದು ಖಾಲಿ ಉಳಿದು, ಬಿಸ್ಮತ್ ಅವಾಹಕವಾಗಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಇಷ್ಟೇ: ತುಂಬಿದ ಪಟ್ಟಿಯ ತುದಿ ಸಂವೇಗದ ಒಂದು ಜಾಗದಲ್ಲಿದೆ, ಖಾಲಿ ಪಟ್ಟಿಯ ತಳ ಇನ್ನೊಂದು ಜಾಗದಲ್ಲಿದೆ, ಮತ್ತು ಆ ತುದಿ ಈ ತಳಕ್ಕಿಂತ ಸುಮಾರು 38 ಮಿಲಿ ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಮೇಲಿದೆ. ಹಾಗಾಗಿ ಕೆಲವೇ ಕೆಲವು ಎಲೆಕ್ಟ್ರಾನುಗಳು ಅಲ್ಲಿಂದ ಇಲ್ಲಿಗೆ ಇಳಿದು ಬರುತ್ತವೆ, ಅಲ್ಲಿ ಅಷ್ಟೇ ಸಂಖ್ಯೆಯ ರಂಧ್ರಗಳು ಉಳಿಯುತ್ತವೆ. ಸರಿಸುಮಾರು ಒಂದು ಲಕ್ಷ ಪರಮಾಣುಗಳಿಗೆ ಒಂದು ಎಲೆಕ್ಟ್ರಾನ್ ಮಾತ್ರ ಹೀಗೆ ಸಂಚಾರಕ್ಕೆ ಸಿಗುತ್ತದೆ. ಈ ವಿರಳತೆಯಿಂದಲೇ ಬಿಸ್ಮತ್ ಘನವಸ್ತು ಭೌತಶಾಸ್ತ್ರಕ್ಕೆ ಇಷ್ಟು ಕೊಟ್ಟಿದೆ. 1886ರಲ್ಲಿ ಎಟಿಂಗ್ಸ್‌ಹೌಸೆನ್ ಮತ್ತು ನೆರ್ನ್‌ಸ್ಟ್ ಕಾಂತಕ್ಷೇತ್ರದಲ್ಲಿ ಉಷ್ಣಪ್ರವಾಹವು ಅಡ್ಡ ವೋಲ್ಟೇಜ್ ಉಂಟುಮಾಡುವುದನ್ನು ಕಂಡದ್ದು ಈ ಲೋಹದಲ್ಲಿ. 1930ರಲ್ಲಿ ಶುಬ್ನಿಕೋವ್ ಮತ್ತು ಡಿ ಹಾಸ್ ರೋಧದ ಏರಿಳಿತವನ್ನು, ಡಿ ಹಾಸ್ ಮತ್ತು ವ್ಯಾನ್ ಆಲ್ಫೆನ್ ಕಾಂತತ್ವದ ಏರಿಳಿತವನ್ನು ಗುರುತಿಸಿದ್ದೂ ಇದರಲ್ಲೇ.

ಅರೆಲೋಹಕ್ಕೆ ಟೋಪಾಲಜಿಯ ಲೆಕ್ಕ ಅನ್ವಯಿಸುವುದಾದರೂ ಹೇಗೆ, ಅಂತಹ ವರ್ಗೀಕರಣ ಅವಾಹಕಗಳಿಗೆ ಮೀಸಲಲ್ಲವೇ ಎಂಬ ಸಂದೇಹ ಇಲ್ಲಿ ಸಹಜವಾಗಿ ಏಳುತ್ತದೆ. ಉತ್ತರ ಸರಳವಾಗಿದೆ. ಬಿಸ್ಮತ್‌ನಲ್ಲಿ ಐದನೆಯ ಮತ್ತು ಆರನೆಯ ಪಟ್ಟಿಗಳು ಬೇರೆ ಬೇರೆ ಸಂವೇಗಗಳಲ್ಲಿ ಶಕ್ತಿಯ ದೃಷ್ಟಿಯಿಂದ ಒಂದನ್ನೊಂದು ಮೀರಿದರೂ, ಯಾವುದೇ ಒಂದು ಸಂವೇಗವನ್ನು ಹಿಡಿದು ನೋಡಿದರೆ ಅಲ್ಲಿ ಅವುಗಳ ನಡುವೆ ಅಂತರ ಇದ್ದೇ ಇದೆ. ಅವು ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ. ತುಂಬಿದ ಪಟ್ಟಿಗಳ ಗುಂಪನ್ನು ಖಾಲಿ ಪಟ್ಟಿಗಳ ಗುಂಪಿನಿಂದ ಪ್ರತ್ಯೇಕಿಸಲು ಅಷ್ಟು ಸಾಕು. ಹೀಗೆ ಪ್ರತ್ಯೇಕಿಸಿದ ಐದು ಪಟ್ಟಿಗಳ ತರಂಗ ಫಲನಗಳು ಬ್ರಿಲ್ವಾ ವಲಯದುದ್ದಕ್ಕೂ, ಅಂದರೆ ಹರಳಿನಲ್ಲಿ ಎಲೆಕ್ಟ್ರಾನಿಗೆ ಸಾಧ್ಯವಿರುವ ಸಂವೇಗಗಳ ಇಡೀ ವ್ಯಾಪ್ತಿಯಲ್ಲಿ, ಹೇಗೆ ತಿರುಚಿಕೊಳ್ಳುತ್ತವೆ ಎಂಬುದಕ್ಕೆ ಒಂದು ಪೂರ್ಣಾಂಕವನ್ನು ನಿಗದಿಪಡಿಸಬಹುದು, ಮತ್ತು ಎಲ್ಲಾದರೂ ಅಂತರ ಮುಚ್ಚಿ ತೆರೆಯದ ಹೊರತು ಆ ಪೂರ್ಣಾಂಕ ಬದಲಾಗುವುದಿಲ್ಲ.

2007ರಲ್ಲಿ ಲಿಯಾಂಗ್ ಫು ಮತ್ತು ಚಾರ್ಲ್ಸ್ ಕೇನ್ ತೋರಿಸಿದ ದಾರಿ ಈ ಪೂರ್ಣಾಂಕವನ್ನು ಕಂಡುಕೊಳ್ಳುವುದನ್ನು ಅಚ್ಚರಿಯಷ್ಟು ಸುಲಭಗೊಳಿಸಿತು. ಹರಳಿಗೆ ವಿಲೋಮ ಸಮ್ಮಿತಿ ಇದ್ದರೆ, ಅಂದರೆ ಒಂದು ಕೇಂದ್ರದ ಸುತ್ತ ಎಲ್ಲ ದಿಕ್ಕುಗಳನ್ನೂ ತಿರುವುಮುರುವು ಮಾಡಿದರೂ ಅದು ಹಾಗೆಯೇ ಉಳಿದರೆ, ವಲಯದ ಎಲ್ಲ ಬಿಂದುಗಳನ್ನೂ ನೋಡಬೇಕಿಲ್ಲ. ಸಂವೇಗವನ್ನು ತಲೆಕೆಳಗು ಮಾಡಿದರೂ ತಮ್ಮ ಜಾಗದಲ್ಲೇ ಉಳಿಯುವ ಎಂಟು ಬಿಂದುಗಳಲ್ಲಿ ತುಂಬಿದ ಪಟ್ಟಿಗಳ ಪ್ಯಾರಿಟಿಯನ್ನು, ಅಂದರೆ ಅವುಗಳ ತರಂಗ ಫಲನ ವಿಲೋಮದಲ್ಲಿ ಚಿಹ್ನೆ ಉಳಿಸಿಕೊಳ್ಳುತ್ತದೋ ಬದಲಿಸುತ್ತದೋ ಎಂಬುದನ್ನು, ಗುಣಿಸಿದರೆ ಸಾಕು. ಬಿಸ್ಮತ್‌ನ ವಲಯದಲ್ಲಿ ಈ ಎಂಟು ಬಿಂದುಗಳು ರೂಢಿಯ ಹೆಸರುಗಳಲ್ಲಿ ಹೀಗೆ ಹಂಚಿಕೆಯಾಗಿವೆ: ಗಾಮಾ ಒಂದು, ಟಿ ಒಂದು, ಎಲ್ ಮೂರು, ಎಕ್ಸ್ ಮೂರು. ಅವರ ಲೆಕ್ಕದ ಪ್ರಕಾರ ಪ್ರತಿಯೊಂದರಲ್ಲೂ ಐದು ಪಟ್ಟಿಗಳ ಪ್ಯಾರಿಟಿಯ ಗುಣಲಬ್ಧ ಮೈನಸ್ ಒಂದು. ಎಂಟು ಮೈನಸ್‌ಗಳ ಗುಣಲಬ್ಧ ಪ್ಲಸ್, ಆದ್ದರಿಂದ ಬಿಸ್ಮತ್ ಸಾಮಾನ್ಯ ವರ್ಗಕ್ಕೆ ಸೇರುತ್ತದೆ. ಅದೇ ರಚನೆಯ ಆಂಟಿಮನಿಯಲ್ಲಿ ಎಲ್ಲವೂ ಹೀಗೆಯೇ ಇದ್ದು, ಎಲ್ ಬಿಂದುವಿನಲ್ಲಿ ಮಾತ್ರ ಮೇಲಿನ ಎರಡು ಪಟ್ಟಿಗಳು ಅದಲುಬದಲಾಗಿವೆ. ಸಮ ಪ್ಯಾರಿಟಿಯದು ಕೆಳಗಿಳಿದಿದೆ, ವಿಷಮ ಪ್ಯಾರಿಟಿಯದು ಮೇಲೇರಿದೆ. ಎಲ್ ಬಿಂದುಗಳು ಮೂರಿರುವುದರಿಂದ ಮೂರು ಮೈನಸ್‌ಗಳು ಪ್ಲಸ್ ಆಗುತ್ತವೆ, ಐದು ಮೈನಸ್‌ಗಳು ಉಳಿಯುತ್ತವೆ, ಗುಣಲಬ್ಧ ಮೈನಸ್ ಆಗುತ್ತದೆ, ಆಂಟಿಮನಿ ಟೋಪಾಲಜಿಕಲ್ ವರ್ಗಕ್ಕೆ ಹೋಗುತ್ತದೆ. ಎಲ್ ಬಿಂದುಗಳ ಸಂಖ್ಯೆ ಎರಡೋ ನಾಲ್ಕೋ ಆಗಿದ್ದರೆ ಈ ಅದಲುಬದಲು ಗುಣಲಬ್ಧಕ್ಕೆ ತಿಳಿಯುತ್ತಲೇ ಇರಲಿಲ್ಲ. ಇಡೀ ಹರಳಿನ ವರ್ಗವು ಸಂವೇಗ ಅವಕಾಶದ ಮೂರು ಬಿಂದುಗಳಲ್ಲಿನ ಹದಿನಾಲ್ಕು ಮಿಲಿ ಎಲೆಕ್ಟ್ರಾನ್‌ವೋಲ್ಟ್ ಅಂತರದ ಚಿಹ್ನೆಗೆ ಬಂದು ನಿಲ್ಲುವುದು ಹೀಗೆ.

ವಿಲೋಮ ಸಮ್ಮಿತಿ ಇಲ್ಲದ ಅರೆಲೋಹಗಳಲ್ಲಿ ಈ ಕಿರುದಾರಿ ಇಲ್ಲವೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 2015ರಲ್ಲಿ ವೈಲ್ ಅರೆಲೋಹವೆಂದು ಗುರುತಿಸಲಾದ ಟ್ಯಾಂಟಲಂ ಆರ್ಸೆನೈಡ್‌ನಲ್ಲಿ ಪಟ್ಟಿಗಳು 24 ಬಿಂದುಗಳಲ್ಲಿ ಒಂದನ್ನೊಂದು ಮುಟ್ಟುತ್ತವೆ. ಅಲ್ಲಿ ಪ್ರತಿಯೊಂದು ಬಿಂದುವಿನ ಸುತ್ತ ಒಂದು ಮುಚ್ಚಿದ ಮೇಲ್ಮೈಯನ್ನು ಕಲ್ಪಿಸಿಕೊಂಡು ಅದರ ಮೂಲಕ ಹೊರಬರುವ ಬೆರ್ರಿ ವಕ್ರತೆಯನ್ನು, ಅಂದರೆ ತರಂಗ ಫಲನದ ತಿರುಚಿಕೆಯ ಅಳತೆಯನ್ನು, ಎಣಿಸಬೇಕು. ಅಂತಹ ವಸ್ತುಗಳದು ಬೇರೆಯೇ ಕಥೆ. ಬಿಸ್ಮತ್‌ನ ಪ್ರಶ್ನೆ ಅದಕ್ಕಿಂತ ಸರಳವಾಗಿದ್ದೂ ಅದಕ್ಕಿಂತ ಹಟಮಾರಿಯಾಗಿದೆ ಎಂಬುದೇ ನನ್ನನ್ನು ಅದರತ್ತ ಸೆಳೆಯುತ್ತದೆ.

ಹಾಗಾದರೆ ಲೆಕ್ಕ ಹಾಕಿ ಚಿಹ್ನೆಯನ್ನು ಕಂಡುಕೊಳ್ಳಬಹುದಲ್ಲ? ಬಿಸ್ಮತ್ ಭಾರವಾದ ಮೂಲಧಾತು, ಪರಮಾಣು ಸಂಖ್ಯೆ 83. ಅದರ ಪಿ ಕಕ್ಷೆಗಳಲ್ಲಿ ಸ್ಪಿನ್–ಕಕ್ಷೆ ಜೋಡಣೆಯ (ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೀಯ ಚಲನೆಗೂ ಇರುವ ನಂಟಿನ) ಶಕ್ತಿ ಸುಮಾರು ಒಂದೂವರೆ ಎಲೆಕ್ಟ್ರಾನ್‌ವೋಲ್ಟ್. ಪಕ್ಕದ ಪರಮಾಣುಗಳ ನಡುವಿನ ಬಂಧದ ಶಕ್ತಿಯೂ ಅದೇ ಪ್ರಮಾಣದ್ದು. ಎಲ್ ಬಿಂದುವಿನ ಅಂತರವು ಇಂತಹ ದೊಡ್ಡ ಶಕ್ತಿಗಳು ಒಂದನ್ನೊಂದು ಹೆಚ್ಚುಕಡಿಮೆ ಪೂರ್ತಿಯಾಗಿ ರದ್ದುಗೊಳಿಸಿದ ಮೇಲೆ ಉಳಿದ ನೂರರಲ್ಲೊಂದು ಭಾಗ. ಎಲೆಕ್ಟ್ರಾನುಗಳ ಸಾಂದ್ರತೆಯಿಂದ ಶಕ್ತಿಯನ್ನು ಲೆಕ್ಕ ಹಾಕುವ, ರೂಢಿಯಲ್ಲಿರುವ ಸಾಂದ್ರತಾ ಫಲನ ವಿಧಾನಗಳು ಅಂತರಗಳನ್ನು ಅಂದಾಜಿಸುವಾಗ ಮಾಡುವ ದೋಷ ಸಾಮಾನ್ಯವಾಗಿ ಇದಕ್ಕಿಂತ ಹಲವು ಪಟ್ಟು ದೊಡ್ಡದು. ಜೊತೆಗೆ ಶೇಕಡಾ ಒಂದರ ಆಸುಪಾಸಿನ ಜಾಲಕ ಬದಲಾವಣೆಯೂ ಈ ಅಂತರವನ್ನು ಮುಚ್ಚಿ ತಿರುಗಿಸಬಲ್ಲದು ಎಂದು ಲೆಕ್ಕಾಚಾರಗಳೇ ಹೇಳುತ್ತವೆ. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯನ್ನು ಹೆಚ್ಚು ಎಚ್ಚರದಿಂದ ಗಣಿಸುವ ಜಿಡಬ್ಲ್ಯೂ ವಿಧಾನದ ಲೆಕ್ಕಾಚಾರಗಳು ಅಂತರದ ಗಾತ್ರವನ್ನು ಪ್ರಯೋಗಕ್ಕೆ ಹತ್ತಿರ ತಂದಿವೆ ಮತ್ತು ಬಿಸ್ಮತ್ ಸಾಮಾನ್ಯ ವರ್ಗದ್ದೇ ಎಂದಿವೆ. ನಾನು ಆ ಫಲಿತಾಂಶವನ್ನು ಗೌರವಿಸುತ್ತೇನೆ. ಆದರೂ ಇಷ್ಟು ಸೂಕ್ಷ್ಮವಾದ ರದ್ದತಿಯ ಮೇಲೆ ನಿಂತ ಚಿಹ್ನೆಯನ್ನು ಪ್ರಯೋಗದ ಬೆಂಬಲವಿಲ್ಲದೆ ಅಂತಿಮವೆಂದು ಒಪ್ಪುವುದು ಸರಿಯಲ್ಲ.

ಪ್ರಯೋಗಗಳಲ್ಲಿ ಹಳೆಯದೂ ಅತ್ಯಂತ ನಿಖರವೂ ಆದದ್ದು ಕ್ವಾಂಟಂ ಆಂದೋಲನಗಳ ಅಳತೆ. ಶುದ್ಧ ಹರಳನ್ನು ಕೆಲವೇ ಕೆಲ್ವಿನ್‌ಗೆ ತಣಿಸಿ, ಕಾಂತಕ್ಷೇತ್ರವನ್ನು ನಿಧಾನವಾಗಿ ಏರಿಸುತ್ತ ಹೋದರೆ ರೋಧ ಏರಿಳಿಯತೊಡಗುತ್ತದೆ. ರೇಖಾಚಿತ್ರದ ಅಡ್ಡ ಅಕ್ಷದಲ್ಲಿ ಕ್ಷೇತ್ರದ ಬದಲು ಅದರ ವಿಲೋಮವನ್ನು, ಅಂದರೆ ಒಂದನ್ನು ಕ್ಷೇತ್ರದಿಂದ ಭಾಗಿಸಿದ್ದನ್ನು, ಇಟ್ಟರೆ ಆ ಏರಿಳಿತಗಳು ಸಮಾನ ಅಂತರದಲ್ಲಿ ನಿಲ್ಲುತ್ತವೆ. ಈ ಏರಿಳಿತಗಳ ಆವರ್ತಾಂಕವು ಫರ್ಮಿ ಮೇಲ್ಮೈಯ, ಅಂದರೆ ಸಂವೇಗ ಅವಕಾಶದಲ್ಲಿ ತುಂಬಿದ ಮತ್ತು ಖಾಲಿ ಸ್ಥಿತಿಗಳ ನಡುವಿನ ಗಡಿಯ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ನೇರ ಅನುಪಾತದಲ್ಲಿದೆ ಎಂದು 1952ರಲ್ಲಿ ಲಾರ್ಸ್ ಆನ್ಸಾಗರ್ ತೋರಿಸಿದರು. ಬಿಸ್ಮತ್‌ನ ಮುಖ್ಯ ಅಕ್ಷದ ದಿಕ್ಕಿನಲ್ಲಿ ಕ್ಷೇತ್ರವನ್ನಿಟ್ಟಾಗ ಟಿ ಬಿಂದುವಿನ ರಂಧ್ರಗಳಿಂದ ಬರುವ ಆವರ್ತಾಂಕ ಸುಮಾರು 6.4 ಟೆಸ್ಲಾ. ತಾಮ್ರದಲ್ಲಿ ಇದೇ ಅಳತೆ ಸುಮಾರು 58,000 ಟೆಸ್ಲಾ. ಆನ್ಸಾಗರ್ ಸಂಬಂಧದಲ್ಲಿ 6.4 ಅನ್ನು ಹಾಕಿ ಬಿಡಿಸಿದರೆ ರಂಧ್ರಗಳ ಆ ಪುಟ್ಟ ಕೋಶದ ತ್ರಿಜ್ಯ ಪ್ರತಿ ಆಂಗ್‌ಸ್ಟ್ರಮ್‌ಗೆ ಸುಮಾರು 0.014 ಎಂದು ಬರುತ್ತದೆ, ಅಂದರೆ ಬ್ರಿಲ್ವಾ ವಲಯದ ಅಗಲದ ಸರಿಸುಮಾರು ನೂರರಲ್ಲೊಂದು ಪಾಲು. ಸಾಧಾರಣ ಪ್ರಯೋಗಾಲಯದ ಕಾಂತದಿಂದಲೇ, ಒಂಬತ್ತು ಟೆಸ್ಲಾ ಸುತ್ತಮುತ್ತ, ಈ ರಂಧ್ರಗಳನ್ನೆಲ್ಲ ಅತ್ಯಂತ ಕೆಳಗಿನ ಲ್ಯಾಂಡೌ ಮಟ್ಟಕ್ಕೆ (ಕಾಂತಕ್ಷೇತ್ರದಲ್ಲಿ ಶಕ್ತಿ ಒಡೆದು ಉಂಟಾಗುವ ಮೆಟ್ಟಿಲುಗಳಲ್ಲಿ ಮೊದಲನೆಯದಕ್ಕೆ) ತಳ್ಳಬಹುದು. ಹರಳನ್ನು ತಿರುಗಿಸುತ್ತ ಅಳೆದರೆ ಎಲ್ ಬಿಂದುಗಳಲ್ಲಿ ಉದ್ದುದ್ದವಾಗಿ ಮಲಗಿರುವ ಮೂರು ಎಲೆಕ್ಟ್ರಾನ್ ಕೋಶಗಳ ಆಕಾರವೂ ಪೂರ್ತಿಯಾಗಿ ದೊರೆಯುತ್ತದೆ. ತಾಪಕ್ಕೆ ತಕ್ಕಂತೆ ಆಂದೋಲನದ ಎತ್ತರ ಕುಗ್ಗುವ ಪರಿಯಿಂದ ಎಲೆಕ್ಟ್ರಾನಿನ ಪರಿಣಾಮಿ ದ್ರವ್ಯರಾಶಿ ಸಿಗುತ್ತದೆ. ಅನುಕೂಲಕರ ದಿಕ್ಕುಗಳಲ್ಲಿ ಅದು ಸ್ವತಂತ್ರ ಎಲೆಕ್ಟ್ರಾನಿನ ನೂರರಲ್ಲೊಂದು ಭಾಗದಷ್ಟು. ಇಷ್ಟೊಂದು ವಿವರವನ್ನು ಇಷ್ಟು ಖಚಿತವಾಗಿ ಕೊಡುವ ಇನ್ನೊಂದು ವಿಧಾನ ನನಗೆ ಗೊತ್ತಿಲ್ಲ.

ಆದರೂ ಟೋಪಾಲಜಿಯ ವಿಚಾರದಲ್ಲಿ ಈ ವಿಧಾನದಿಂದ ಅದು ಹೇಳಲಾರದ್ದನ್ನು ಹೇಳಿಸುವ ಅಭ್ಯಾಸವೊಂದು ಬೆಳೆದಿದೆ, ಮತ್ತು ಅದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯವೆಂದು ನನಗನ್ನಿಸುತ್ತದೆ. ಏರಿಳಿತದ ಪ್ರತಿಯೊಂದು ತಗ್ಗಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಕ್ಷೇತ್ರದ ವಿಲೋಮದೆದುರು ಗುರುತಿಸಿ, ಬಿಂದುಗಳ ಮೂಲಕ ನೇರ ಗೆರೆಯೆಳೆದು, ಆ ಗೆರೆ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೆ ಎಂದು ನೋಡುತ್ತಾರೆ. ಅರ್ಧದಷ್ಟು ಜರುಗಿದ್ದರೆ ಬೆರ್ರಿ ಫೇಸ್ (ಕಕ್ಷೆಯಲ್ಲಿ ಒಂದು ಸುತ್ತು ಹಾಕಿದಾಗ ತರಂಗ ಫಲನ ಪಡೆಯುವ ಹೆಚ್ಚುವರಿ ಕೋನ) ಪೈ ಎಂದೂ, ಆದ್ದರಿಂದ ವಸ್ತು ಟೋಪಾಲಜಿಕಲ್ ಎಂದೂ ತೀರ್ಮಾನಿಸುತ್ತಾರೆ. ಎಸ್. ಪಂಚರತ್ನಂ ಅವರು 1956ರಲ್ಲಿ ಧ್ರುವೀಕೃತ ಬೆಳಕಿನಲ್ಲಿ ಕಂಡುಕೊಂಡ, ಮೈಕೇಲ್ ಬೆರ್ರಿ 1984ರಲ್ಲಿ ಕ್ವಾಂಟಂ ವ್ಯವಸ್ಥೆಗಳಿಗೆಲ್ಲ ವಿಸ್ತರಿಸಿ ನಿರೂಪಿಸಿದ ಆ ಜ್ಯಾಮಿತೀಯ ಫೇಸ್ ನಿಜವಾಗಿಯೂ ಆಂದೋಲನಗಳಲ್ಲಿ ಕಾಣಿಸಿಕೊಳ್ಳುತ್ತದೆ. 2005ರಲ್ಲಿ ಗ್ರಾಫೀನ್‌ನಲ್ಲಿ ಅದು ನಿಸ್ಸಂದೇಹವಾಗಿ ಕಂಡಿತು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಬಿಸ್ಮತ್‌ನ ಎಲ್ ಬಿಂದುವಿನ ಎಲೆಕ್ಟ್ರಾನುಗಳು ದ್ರವ್ಯರಾಶಿಯುಳ್ಳ ಡಿರಾಕ್ ಕಣಗಳಂತೆ, ಅಂದರೆ ಸಾಪೇಕ್ಷತೆಗೆ ಒಪ್ಪುವ ಡಿರಾಕ್ ಸಮೀಕರಣವನ್ನು ಪಾಲಿಸುವ ಕಣಗಳಂತೆ, ವರ್ತಿಸುತ್ತವೆ ಎಂಬುದು 1960ರ ದಶಕದಿಂದಲೇ ತಿಳಿದಿರುವ ವಿಷಯ. ಅಂತಹ ಕಣದ ಲ್ಯಾಂಡೌ ಮಟ್ಟದ ಶಕ್ತಿಯನ್ನು ಪಡೆಯಲು ಅರ್ಧ ಅಂತರವನ್ನು ವರ್ಗ ಮಾಡಿ, ಕಾಂತಕ್ಷೇತ್ರಕ್ಕೂ ಮಟ್ಟದ ಕ್ರಮಸಂಖ್ಯೆಗೂ ಅನುಪಾತದಲ್ಲಿರುವ ಒಂದು ಪದವನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ವರ್ಗ ಮಾಡಿದ ಕ್ಷಣದಲ್ಲೇ ಚಿಹ್ನೆ ಅಳಿದುಹೋಗುತ್ತದೆ. ಅಂತರ ಧನವಾಗಿದ್ದರೂ ಋಣವಾಗಿದ್ದರೂ ಆಂದೋಲನಗಳು ಒಂದೇ. ಬೆರ್ರಿ ಫೇಸ್ ಮಾತ್ರ ತೆಗೆದುಕೊಂಡರೆ ಅದು ಪೈಗಿಂತ ಕಡಿಮೆಯಾಗುತ್ತದಾದರೂ, ಎಲೆಕ್ಟ್ರಾನಿನ ಕಕ್ಷೀಯ ಚಲನೆಯಿಂದ ಹುಟ್ಟುವ ಕಾಂತೀಯ ಕೊಡುಗೆಯನ್ನು ಸೇರಿಸಿದಾಗ ಒಟ್ಟು ಮತ್ತೆ ಪೈ ಆಗಿಯೇ ಬರುತ್ತದೆ. ಆದ್ದರಿಂದ ಅರ್ಧದಷ್ಟು ಜರುಗಿದ ಗೆರೆಯಿಂದ ಎಲೆಕ್ಟ್ರಾನ್ ಡಿರಾಕ್ ಸ್ವಭಾವದ್ದೆಂದು ತಿಳಿಯುತ್ತದೆ, ಅಷ್ಟೆ. ಹರಳು ಯಾವ ವರ್ಗದ್ದು ಎಂಬುದು ತಿಳಿಯುವುದಿಲ್ಲ. ಮೂರು ಆಯಾಮದ ಫರ್ಮಿ ಮೇಲ್ಮೈಯಲ್ಲಿ ಎಂಟರಲ್ಲೊಂದರಷ್ಟು ಹೆಚ್ಚುವರಿ ಜರುಗು, ಸ್ಪಿನ್ ಸೀಳಿಕೆ, ರೋಧವನ್ನು ನೋಡಬೇಕೋ ವಾಹಕತೆಯನ್ನು ನೋಡಬೇಕೋ ಎಂಬ ಗೊಂದಲ, ಇವೆಲ್ಲ ಸೇರಿ ಆ ಗೆರೆಯನ್ನು ಇನ್ನಷ್ಟು ಅಲುಗಾಡಿಸುತ್ತವೆ. ಕೇವಲ ಎರಡು ಮೂರು ತಗ್ಗುಗಳ ಆಧಾರದ ಮೇಲೆ ಎಳೆದ ಇಂತಹ ಗೆರೆಯನ್ನು ಟೋಪಾಲಜಿಯ ಪುರಾವೆಯೆಂದು ಮಂಡಿಸುವುದು ನಿಲ್ಲಬೇಕು.

ಆಂದೋಲನಗಳ ನಿಜವಾದ ಉಪಯೋಗ ಬೇರೆ ಕಡೆ ಇದೆ. ಅವು ಫರ್ಮಿ ಶಕ್ತಿ, ಅಂದರೆ ಎಲೆಕ್ಟ್ರಾನುಗಳು ತುಂಬಿರುವ ಅತಿ ಮೇಲಿನ ಶಕ್ತಿ, ಎಲ್ಲಿದೆ ಎಂಬುದನ್ನು ಮಿಲಿ ಎಲೆಕ್ಟ್ರಾನ್‌ವೋಲ್ಟ್‌ನ ಮಟ್ಟದಲ್ಲಿ ಹೇಳುತ್ತವೆ, ಮತ್ತು ಅರೆಲೋಹದಲ್ಲಿ ಅದು ಚಿಕ್ಕ ಸಂಗತಿಯಲ್ಲ. ಟ್ಯಾಂಟಲಂ ಫಾಸ್ಫೈಡ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವು ಹೀಗೆಯೇ ಆಂದೋಲನಗಳಿಂದ ಫರ್ಮಿ ಮೇಲ್ಮೈಯನ್ನು ಮರುಕಟ್ಟಿ, ವಿರುದ್ಧ ಚಿಹ್ನೆಯ ಎರಡೆರಡು ವೈಲ್ ಬಿಂದುಗಳು ಒಂದೇ ಕೋಶದೊಳಗೆ ಸೇರಿಕೊಂಡಿರುವುದನ್ನು ತೋರಿಸಿತು. ಬಿಂದುಗಳು ಹರಳಿನಲ್ಲಿದ್ದರೂ ಕೋಶದ ಒಟ್ಟು ಎಣಿಕೆ ಶೂನ್ಯವಾದ್ದರಿಂದ, ಆ ಹರಳಿನಲ್ಲಿ ಕಂಡ ಋಣ ಕಾಂತರೋಧಕ್ಕೆ (ಕ್ಷೇತ್ರ ಏರಿದಂತೆ ರೋಧ ಇಳಿಯುವುದಕ್ಕೆ) ವೈಲ್ ಕಣಗಳ ಕೈರಲ್ ಅಸಂಗತಿಯೇ, ಅಂದರೆ ಒಂದು ಚಿಹ್ನೆಯ ಬಿಂದುವಿನಿಂದ ಇನ್ನೊಂದು ಚಿಹ್ನೆಯದಕ್ಕೆ ಎಲೆಕ್ಟ್ರಾನುಗಳು ಸಾಗುವುದೇ, ಕಾರಣವೆಂದು ಹೇಳುವ ಹಾಗಿಲ್ಲವಾಯಿತು. ವಿದ್ಯುತ್ ಪ್ರವಾಹವು ಕ್ಷೇತ್ರದ ದಿಕ್ಕಿನಲ್ಲಿ ಕಿರಿದಾದ ಧಾರೆಯಾಗಿ ಹರಿದು, ವೋಲ್ಟೇಜ್ ತಂತಿಗಳನ್ನು ತಪ್ಪಿಸಿ ಹೋಗುವುದರಿಂದಲೂ ಅಂತಹ ಋಣ ರೋಧ ಕಾಣಿಸಿಕೊಳ್ಳಬಹುದು. ಸಂಚಾರ ಅಳತೆಗಳಲ್ಲಿ ಇರಬೇಕಾದ ಎಚ್ಚರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಚಿಹ್ನೆಯನ್ನು ನೇರವಾಗಿ ಕೇಳಬಲ್ಲ ವಿಧಾನವೆಂದರೆ ಮೇಲ್ಮೈಯನ್ನು ನೋಡುವುದು. ಟೋಪಾಲಜಿಕಲ್ ವರ್ಗದ ಹರಳಿನ ಮೇಲ್ಮೈಯಲ್ಲಿ ತುಂಬಿದ ಪಟ್ಟಿಗಳ ಗುಂಪನ್ನೂ ಖಾಲಿ ಪಟ್ಟಿಗಳ ಗುಂಪನ್ನೂ ಬೆಸೆಯುವ ಎಲೆಕ್ಟ್ರಾನ್ ಸ್ಥಿತಿಗಳು ಇದ್ದೇ ಇರಬೇಕು. ಮೇಲ್ಮೈಯ ಎರಡು ವಿಶೇಷ ಬಿಂದುಗಳಾದ ಗಾಮಾ ಮತ್ತು ಎಮ್ ನಡುವೆ ನಡೆಯುತ್ತ ಈ ಸ್ಥಿತಿಗಳು ಫರ್ಮಿ ಶಕ್ತಿಯನ್ನು ಎಷ್ಟು ಸಲ ದಾಟುತ್ತವೆ ಎಂದು ಎಣಿಸಿದರೆ, ಬೆಸ ಸಂಖ್ಯೆ ಬಂದಲ್ಲಿ ಟೋಪಾಲಜಿಕಲ್, ಸಮ ಸಂಖ್ಯೆ ಬಂದಲ್ಲಿ ಸಾಮಾನ್ಯ. ಹೊಳೆಯನ್ನು ಬೆಸ ಸಂಖ್ಯೆಯಷ್ಟು ಸಲ ದಾಟಿದವನು ಎಷ್ಟೇ ಸುತ್ತಾಡಿದ್ದರೂ ಆಚೆ ದಡದಲ್ಲೇ ಇರುತ್ತಾನಲ್ಲ, ಹಾಗೆ. ಈ ಎಣಿಕೆಯ ಮೊದಲ ದೊಡ್ಡ ಯಶಸ್ಸು ಬಂದದ್ದು ಬಿಸ್ಮತ್ ಮತ್ತು ಆಂಟಿಮನಿಯ ಮಿಶ್ರಲೋಹದಲ್ಲಿ. ಆಂಟಿಮನಿಯ ಪಾಲು ಶೇಕಡಾ 4ರ ಸುತ್ತ ಎಲ್ ಬಿಂದುವಿನ ಪಟ್ಟಿಗಳು ಅದಲುಬದಲಾಗುತ್ತವೆ. ಶೇಕಡಾ 7ರಿಂದ 22ರವರೆಗೆ ಪಟ್ಟಿಗಳ ಅತಿಕ್ರಮಣವೂ ಇಲ್ಲವಾಗಿ ಮಿಶ್ರಲೋಹವು ಅರೆವಾಹಕವೇ ಆಗುತ್ತದೆ. ಶೇಕಡಾ 10ರ ಸುಮಾರಿನ ಹರಳಿನಲ್ಲಿ ಗಾಮಾದಿಂದ ಎಮ್‌ವರೆಗೆ ಐದು ದಾಟುಗಳನ್ನು 2008ರಲ್ಲಿ ಎಣಿಸಲಾಯಿತು. ಐದು ಬೆಸ ಸಂಖ್ಯೆ. ಮೂರು ಆಯಾಮದ ಟೋಪಾಲಜಿಕಲ್ ಅವಾಹಕ ಪ್ರಯೋಗದಲ್ಲಿ ಮೊದಲು ಸಿಕ್ಕಿದ್ದು ಹೀಗೆ.

ಈ ಎಣಿಕೆ ನಡೆಯುವುದು ಕೋನ ವಿಂಗಡಿಸುವ ದ್ಯುತಿ ಉತ್ಸರ್ಜನದಿಂದ, ಪ್ರಯೋಗಾಲಯದ ಮಾತಿನಲ್ಲಿ ಆರ್ಪೆಸ್‌ನಿಂದ. ಅತಿ ಉಚ್ಚ ನಿರ್ವಾತದಲ್ಲಿ ಹರಳನ್ನು ಸೀಳಿ ಹೊಸ ಮೇಲ್ಮೈಯನ್ನು ತೆರೆದು, ಅದರ ಮೇಲೆ ಅತಿನೇರಳೆ ಬೆಳಕನ್ನು ಬೀರಿ, ಹೊರಚಿಮ್ಮಿದ ಎಲೆಕ್ಟ್ರಾನುಗಳ ಶಕ್ತಿಯನ್ನೂ ಕೋನವನ್ನೂ ಅಳೆಯುತ್ತಾರೆ. ಹೀಲಿಯಂ ದೀಪದ ಫೋಟಾನಿನ ಶಕ್ತಿ 21.2 ಎಲೆಕ್ಟ್ರಾನ್‌ವೋಲ್ಟ್, ಮೇಲ್ಮೈಯನ್ನು ದಾಟಲು ನಾಲ್ಕಕ್ಕೂ ತುಸು ಹೆಚ್ಚು ಖರ್ಚಾಗಿ, ಎಲೆಕ್ಟ್ರಾನಿನ ಬಳಿ ಸುಮಾರು 17 ಉಳಿಯುತ್ತದೆ. ಅಷ್ಟು ಶಕ್ತಿಯ ಎಲೆಕ್ಟ್ರಾನ್ ಬಿಸ್ಮತ್ ಮೇಲ್ಮೈಯ ಎಮ್ ಬಿಂದುವಿನಿಂದ ಬಂದದ್ದಾದರೆ ಲಂಬದಿಂದ ಸುಮಾರು 22 ಡಿಗ್ರಿ ಓರೆಯಾಗಿ ಹೊರಡುತ್ತದೆ. ಹರಳಿನೊಳಗಿನ ಸಂವೇಗವು ಹೀಗೆ ಹೊರಗಿನ ಕೋನವಾಗಿ ಮೂಡುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುವ ಸಂಗತಿ. ಎಲ್ ಬಿಂದುಗಳಲ್ಲಿ ಒಂದರ ನೆರಳು ಬೀಳುವುದೂ ಇದೇ ಎಮ್ ಬಿಂದುವಿನ ಮೇಲೆ, ಆದ್ದರಿಂದ ಜಗಳ ಕೇಂದ್ರೀಕರಿಸಿರುವುದೂ ಅಲ್ಲಿಯೇ.

ಮೇಲ್ಮೈಯಲ್ಲಿ ಸ್ಪಿನ್‌ನಿಂದ ಸೀಳಿದ ಎರಡು ಕವಲುಗಳಿವೆ. ಗಾಮಾ ಬಳಿ ಅವು ಜೊತೆಯಾಗಿ ಹೊರಡುತ್ತವೆ. ಎಮ್ ಬಳಿ ತಲುಪಿದಾಗ ಎರಡೂ ಒಂದೇ ಪಟ್ಟಿಯೊಳಗೆ ಮರಳಿ ಸೇರಿದರೆ ಬಿಸ್ಮತ್ ಸಾಮಾನ್ಯ. ಒಂದು ಮೇಲಿನ ಪಟ್ಟಿಗೂ ಇನ್ನೊಂದು ಕೆಳಗಿನ ಪಟ್ಟಿಗೂ ಹೋದರೆ ಟೋಪಾಲಜಿಕಲ್. ಆಂಟಿಮನಿಯಲ್ಲಿ ಅಂತರ ಸಾಕಷ್ಟಿರುವುದರಿಂದ ಕವಲೊಡೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಬಿಸ್ಮತ್‌ನಲ್ಲಿ ಆ ಎರಡು ಗುರಿಗಳ ನಡುವಿನ ದೂರವೇ ಹದಿನಾಲ್ಕು ಮಿಲಿ ಎಲೆಕ್ಟ್ರಾನ್‌ವೋಲ್ಟ್. ಉಪಕರಣದ ಸೂಕ್ಷ್ಮತೆ ಕೆಲವು ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅದರ ಮೇಲೆ ಎಲೆಕ್ಟ್ರಾನ್ ಸ್ಥಿತಿಗಳ ಸ್ವಂತ ಅಗಲ ಬೇರೆ. ಇನ್ನೂ ದೊಡ್ಡ ಅಡಚಣೆಯೆಂದರೆ, ಅಂತರ ಕಿರಿದಾದಷ್ಟೂ ಮೇಲ್ಮೈ ಸ್ಥಿತಿ ಹರಳಿನೊಳಕ್ಕೆ ಆಳವಾಗಿ ಚಾಚಿಕೊಳ್ಳುತ್ತದೆ. ಬಿಸ್ಮತ್‌ನ ಎಮ್ ಬಿಂದುವಿನಲ್ಲಿ ಈ ಆಳ ಹತ್ತಾರು ನ್ಯಾನೋಮೀಟರ್‌ಗಳಷ್ಟಾಗಬಹುದು. ಹೊರಬರುವ ಎಲೆಕ್ಟ್ರಾನುಗಳಾದರೋ ಮೇಲಿನ ಒಂದು ನ್ಯಾನೋಮೀಟರ್ ಒಳಗಿನವು, ಅಂದರೆ ಬಿಸ್ಮತ್‌ನ ಎರಡು ಮೂರು ದ್ವಿಪದರಗಳವು (ಜೋಡಿ ಪರಮಾಣು ಪದರಗಳವು) ಮಾತ್ರ. ಅಷ್ಟು ಆಳಕ್ಕೆ ಹರಡಿದ ಸ್ಥಿತಿಯನ್ನು ಮೇಲ್ಮೈಯದೆಂದು ಕರೆಯಬೇಕೋ ಒಳಗಿನದೆಂದು ಕರೆಯಬೇಕೋ ಎಂಬುದೇ ಅಸ್ಪಷ್ಟವಾಗಿಬಿಡುತ್ತದೆ.

2013ರಲ್ಲಿ ಪ್ರಕಟವಾದ ಆರ್ಪೆಸ್ ಅಧ್ಯಯನವೊಂದು ಕವಲುಗಳು ಬೇರೆ ಬೇರೆ ಪಟ್ಟಿಗಳಿಗೆ ಹೋಗುತ್ತವೆ, ಆದ್ದರಿಂದ ಬಿಸ್ಮತ್ ಟೋಪಾಲಜಿಕಲ್ ಆಗಿರಬೇಕು ಎಂದು ಹೇಳಿತು. 2016ರ ಇನ್ನೊಂದು ಅಧ್ಯಯನ ಜಾಣತನದ ಮಾರ್ಗ ಹಿಡಿಯಿತು. ಅಂತರವು ಕಿರಿದಾಗಿರುವುದೇ ಕಷ್ಟವಾದರೆ ತೆಳು ಪದರಗಳನ್ನು ಬೆಳೆಸಿ, ಎಲೆಕ್ಟ್ರಾನುಗಳನ್ನು ದಪ್ಪದ ದಿಕ್ಕಿನಲ್ಲಿ ಕಟ್ಟಿಹಾಕಿ, ಪಟ್ಟಿಗಳನ್ನು ಬಿಡಿ ಬಿಡಿ ಮಟ್ಟಗಳಾಗಿ ಒಡೆಯಬಹುದು. ಆಮೇಲೆ ದಪ್ಪವನ್ನು ಸುಮಾರು ಇನ್ನೂರು ದ್ವಿಪದರಗಳವರೆಗೆ ಏರಿಸುತ್ತ ಆ ಮಟ್ಟಗಳು ಎಲ್ಲಿಗೆ ಸರಿಯುತ್ತವೆ ಎಂದು ಹಿಂಬಾಲಿಸಬಹುದು. ಆ ಅಧ್ಯಯನವೂ ಬಿಸ್ಮತ್ ಟೋಪಾಲಜಿಕಲ್ ಎಂದೇ ತೀರ್ಮಾನಿಸಿತು. ಪ್ರಯೋಗದ ಕುಶಲತೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ತೆಳು ಪದರದಲ್ಲಿ ಮೇಲಿನ ಮುಖದ ಸ್ಥಿತಿಯೂ ಕೆಳಗಿನ ಮುಖದ ಸ್ಥಿತಿಯೂ ಒಂದಕ್ಕೊಂದು ತಗುಲಿ ಬೆರೆಯುತ್ತವೆ. ಇನ್ನೂರು ದ್ವಿಪದರಗಳೆಂದರೆ ಎಂಬತ್ತು ನ್ಯಾನೋಮೀಟರ್‌ಗೂ ಕಡಿಮೆ, ಚಾಚಿಕೆಯ ಆಳದ ಕೆಲವೇ ಪಟ್ಟು. ಆಧಾರವಾಗಿರುವ ತಳಹರಳು ಪದರವನ್ನು ಅತ್ಯಲ್ಪವಾಗಿ ಎಳೆದಿದ್ದರೆ, ಅಥವಾ ಮೇಲ್ಮೈಗೆ ಹತ್ತಿರದ ಪದರಗಳ ನಡುವಿನ ದೂರ ಒಳಗಿನದಕ್ಕಿಂತ ತುಸು ಬೇರೆಯಾಗಿದ್ದರೆ, ಅಳೆದದ್ದು ಬಿಸ್ಮತ್‌ನ ಚಿಹ್ನೆಯನ್ನೇ ಹೊರತು ಬದಲಾದ ಬಿಸ್ಮತ್‌ನ ಚಿಹ್ನೆಯನ್ನಲ್ಲ ಎಂದು ಖಾತರಿಪಡಿಸುವುದು ಹೇಗೆ? ಶೇಕಡಾ ಒಂದರ ಬದಲಾವಣೆ ಸಾಕೆಂಬುದನ್ನು ಮೇಲೆಯೇ ಹೇಳಿದ್ದೇನೆ. ಮೇಲ್ಮೈಯ ಸಾಕ್ಷ್ಯವನ್ನು ಒಳಹರಳಿನ ವರ್ಗಕ್ಕೆ ಅನ್ವಯಿಸುವಾಗ ಎರಡರ ರಚನೆಯೂ ಒಂದೇ ಎಂಬ ಊಹೆ ಸದ್ದಿಲ್ಲದೆ ಒಳಸೇರುತ್ತದೆ, ಮತ್ತು ಬಿಸ್ಮತ್‌ನಲ್ಲಿ ಆ ಊಹೆಯೇ ಅತ್ಯಂತ ದುರ್ಬಲ ಕೊಂಡಿ.

ಬಿಸ್ಮತ್ ಸಾಮಾನ್ಯ ವರ್ಗದ್ದು ಎಂದರೂ ಮಾತು ಅಲ್ಲಿಗೆ ಮುಗಿಯುವುದಿಲ್ಲ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಅದೇ ಎಂಟು ಬಿಂದುಗಳ ಪ್ಯಾರಿಟಿಯನ್ನು ಇನ್ನೂ ಸೂಕ್ಷ್ಮವಾಗಿ ಎಣಿಸಿ, ಮೂರು ಮಡಿ ಆವರ್ತನ ಸಮ್ಮಿತಿಯನ್ನೂ (ಹರಳನ್ನು 120 ಡಿಗ್ರಿ ತಿರುಗಿಸಿದರೂ ಹಾಗೆಯೇ ಇರುವುದನ್ನೂ) ಗಣನೆಗೆ ತೆಗೆದುಕೊಂಡು, ಬಿಸ್ಮತ್ ಉನ್ನತ ಕ್ರಮದ ಟೋಪಾಲಜಿಯ ವಸ್ತು ಎಂದು ತೋರಿಸಿತು. ಗುಣಲಬ್ಧದ ಪ್ಲಸ್ ಹಿಂದೆ ಎರಡು ಸಲ ನಡೆದ ಅದಲುಬದಲು ಅಡಗಿರಬಹುದು. ಎರಡು ಸಲ ತಿರುಗಿದ ಚಿಹ್ನೆ ಗುಣಾಕಾರದಲ್ಲಿ ಮಾಯವಾದರೂ ನಾಲ್ಕರ ಆವರ್ತದಲ್ಲಿ, ಅಂದರೆ ನಾಲ್ಕಾದಾಗ ಮತ್ತೆ ಸೊನ್ನೆಗೆ ಮರಳುವಂತೆ, ಎಣಿಸುವ ಸೂಚಕದಲ್ಲಿ 2 ಎಂದು ಉಳಿಯುತ್ತದೆ. ಅಂತಹ ಹರಳಿನಲ್ಲಿ ವಿಶೇಷ ಸ್ಥಿತಿಗಳು ಮುಖಗಳ ಮೇಲೆ ಹರಡಿಕೊಳ್ಳುವ ಬದಲು ಮುಖಗಳು ಸೇರುವ ಅಂಚುಗಳಲ್ಲಿ ಎಳೆಯಂತೆ ಸಾಗುತ್ತವೆ. ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದಲ್ಲಿ ಬಿಸ್ಮತ್ ಮೇಲ್ಮೈಯ ಷಟ್ಕೋನಾಕಾರದ ದಿಬ್ಬ ಮತ್ತು ಕುಳಿಗಳ ಆರು ಅಂಚುಗಳನ್ನು ನೋಡಿದಾಗ, ಒಂದು ಬಿಟ್ಟು ಒಂದರಂತೆ ಮೂರು ಅಂಚುಗಳಲ್ಲಿ ಮಾತ್ರ ಅಂತಹ ಸ್ಥಿತಿ ಕಾಣಿಸುತ್ತದೆ. ಆರು ಅಂಚುಗಳೂ ಕಣ್ಣಿಗೆ ಒಂದೇ ಬಗೆಯವಾಗಿದ್ದು, ಎಲೆಕ್ಟ್ರಾನುಗಳು ಮಾತ್ರ ಮೂರನ್ನು ಆರಿಸಿಕೊಳ್ಳುವ ಆ ಚಿತ್ರಕ್ಕಿಂತ ಸ್ಫುಟವಾದದ್ದು ಈ ಇಡೀ ಚರ್ಚೆಯಲ್ಲಿ ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ. ಸೂಚಕವು 2 ಆಗಿರಬೇಕಾದರೆ ಎಲ್ ಬಿಂದುವಿನ ಪಟ್ಟಿಗಳು ಅದಲುಬದಲಾಗಿರಕೂಡದು. ಆಗಿದ್ದರೆ ಸೂಚಕ ಬೆಸ ಸಂಖ್ಯೆಯಾಗುತ್ತದೆ. ಹಾಗಾಗಿ ಅಂಚುಗಳ ಈ ವಿವರಣೆಯೂ 2016ರ ತೆಳು ಪದರಗಳ ತೀರ್ಮಾನವೂ ಒಂದೇ ಹರಳಿನ ಬಗ್ಗೆ ಏಕಕಾಲಕ್ಕೆ ನಿಜವಾಗಲಾರವು.

ನನ್ನ ಮಟ್ಟಿಗೆ ತೂಕ ಹೆಚ್ಚಿರುವುದು ಒಳಹರಳಿನಿಂದ ಬರುವ ಒಂದು ಸಾಕ್ಷ್ಯಕ್ಕೆ. ಬಿಸ್ಮತ್ ಮತ್ತು ಆಂಟಿಮನಿ ಒಂದೇ ವರ್ಗದವಾಗಿದ್ದರೆ, ಒಂದರಿಂದ ಇನ್ನೊಂದಕ್ಕೆ ಮಿಶ್ರಲೋಹದ ಮೂಲಕ ಸಾಗುವಾಗ ಎಲ್ ಬಿಂದುವಿನ ಅಂತರ ಎಲ್ಲಿಯೂ ಮುಚ್ಚಬೇಕಾದ ಅಗತ್ಯವಿಲ್ಲ. ಅದು ಮೊದಲಿನಿಂದಲೂ ಅಗಲವಾಗುತ್ತ ಹೋಗಬಹುದು. ಬೇರೆ ಬೇರೆ ವರ್ಗದವಾಗಿದ್ದರೆ ಮುಚ್ಚಲೇಬೇಕು. ಕಾಂತಕ್ಷೇತ್ರದಲ್ಲಿ ಅವಕೆಂಪು ಬೆಳಕಿನ ಪ್ರತಿಫಲನವನ್ನು ಅಳೆದು ಅಂತರವನ್ನು ಕಂಡುಕೊಳ್ಳುವ ಪ್ರಯೋಗಗಳು 1960ರ ದಶಕದಿಂದ ನಡೆದಿವೆ. ಬೆಳಕು ಆರ್ಪೆಸ್‌ನ ಎಲೆಕ್ಟ್ರಾನುಗಳಿಗಿಂತ ಬಹಳ ಆಳಕ್ಕೆ ಇಳಿಯುವುದರಿಂದ ಅಲ್ಲಿ ಮಾತನಾಡುವುದು ಮೇಲಿನ ಎರಡು ಮೂರು ಪದರಗಳಲ್ಲ. ಅವುಗಳಲ್ಲಿ ಕಾಣುವುದು, ಆಂಟಿಮನಿ ಸೇರಿಸಿದಂತೆ ಅಂತರ ಮೊದಲು ಕಿರಿದಾಗಿ, ಶೇಕಡಾ 4ರ ಸುತ್ತ ಶೂನ್ಯಕ್ಕೆ ಸಮೀಪಿಸಿ, ಮತ್ತೆ ಅಗಲವಾಗುವುದು. ಆ ಎರಡು ಪಟ್ಟಿಗಳ ಪ್ಯಾರಿಟಿ ವಿರುದ್ಧವಾಗಿರುವುದರಿಂದ ಎಲ್ ಬಿಂದುವಿನಲ್ಲಿ ಅವು ಪರಸ್ಪರ ಬೆರೆಯಲಾರವು, ಬೆರೆಯದ ಪಟ್ಟಿಗಳು ಒಂದನ್ನೊಂದು ತಳ್ಳಲಾರವು, ಆದ್ದರಿಂದ ಅವು ನೇರವಾಗಿ ಹಾದುಹೋಗುವುದಕ್ಕೆ ಅಡ್ಡಿಯಿಲ್ಲ. ಮಿಶ್ರಲೋಹದಲ್ಲಿ ಪರಮಾಣುಗಳ ಜಾಗ ಅಸ್ತವ್ಯಸ್ತವಾಗಿರುವುದರಿಂದ ಶೂನ್ಯದ ತೀರ ಹತ್ತಿರದಲ್ಲಿ ಅಳತೆ ಮಸುಕಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿಯೇ ಇದೇ ಹಾದಿಯನ್ನು ಮಿಶ್ರಣವಿಲ್ಲದೆ, ಒಂದೇ ಶುದ್ಧ ಬಿಸ್ಮತ್ ಹರಳನ್ನು ಹಂತಹಂತವಾಗಿ ಎಳೆದು ಮತ್ತು ಒತ್ತಿ, ಪ್ರತಿ ಹಂತದಲ್ಲೂ ಒಳಗಿನ ಅಂತರವನ್ನು ಬೆಳಕಿನಿಂದಲೂ ಮೇಲ್ಮೈಯ ಕವಲುಗಳನ್ನು ಆರ್ಪೆಸ್‌ನಿಂದಲೂ ಅದೇ ಹರಳಿನ ಮೇಲೆ ಅಳೆಯುವ ಪ್ರಯೋಗವನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ಬಯಸುತ್ತೇನೆ. ಎಳೆತಕ್ಕೆ ಪ್ರತಿಯಾಗಿ ಅಂತರದ ಗಾತ್ರವನ್ನು ಗುರುತಿಸಿದಾಗ ಎರಡೂ ಕಡೆಯಿಂದ ಬರುವ ನೇರ ಗೆರೆಗಳು ಶೂನ್ಯದಲ್ಲಿ ಚೂಪಾಗಿ ಕೂಡಿದರೆ, ಶೂನ್ಯ ಎಳೆತದ ಹರಳು ಆ ಚೂಪಿನ ಯಾವ ಬದಿಗೆ ಬೀಳುತ್ತದೆ ಎಂಬುದನ್ನು ಓದಿಕೊಳ್ಳಬಹುದು. ಅದೇ ಚೂಪಿನ ಬಳಿ ಮೇಲ್ಮೈಯ ಕವಲುಗಳು ಜೋಡಿ ಬದಲಿಸುತ್ತವೆಯೋ, ಅಥವಾ ಇನ್ನೊಂದು ಎಳೆತದಲ್ಲಿ ಬದಲಿಸುತ್ತವೆಯೋ ಎಂಬುದರಿಂದ ಮೇಲ್ಮೈ ಪದರಗಳು ಒಳಹರಳಿಗಿಂತ ಎಷ್ಟು ಭಿನ್ನವಾಗಿವೆ ಎಂಬುದೂ ಮಿಲಿ ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಗೊತ್ತಾಗುತ್ತದೆ.